ತೋಟದ ಅಂಚಲ್ಲಿ ಸರ್ಪಗಂಧ ಸಿಕ್ಕಿದೆ, ಅಪ್ಪನ ಬಿಪಿಗೆ ಬೇರು ಕೊಡಬಹುದಾ?

ಅಡಿಕೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಅಂಚಲ್ಲಿ ಮೊಣಕಾಲೆತ್ತರದ ಎರಡು ಗಿಡ ಇದೆ, ಬಿಳಿ ಹೂವಿನ ಗೊಂಚಲು, ತೊಟ್ಟು ಮಾತ್ರ ಕೆಂಪು ಕೆಂಪು. ಪಕ್ಕದ ಮನೆ ಅಜ್ಜ ನೋಡಿ, ಇದು ಗರುಡಪಾತಾಳ ಕಣೋ, ಸರ್ಪಗಂಧ ಅಂತಾರಲ್ಲ ಅದೇ, ಬೇರು ಒಣಗಿಸಿ ಪುಡಿ ಮಾಡಿ ನಿನ್ನಪ್ಪಂಗೆ ಕೊಡು, ಬಿಪಿನೂ ಇಳಿಯತ್ತೆ ನಿದ್ದೆನೂ ಬರತ್ತೆ ಅಂದ್ರು. ಅಪ್ಪ ಆರು ವರ್ಷದಿಂದ ಬಿಪಿ ಮಾತ್ರೆ ತಗೋತಿದಾರೆ, ಈಗ ಅದನ್ನ ಬಿಟ್ಟು ಇದನ್ನೇ ಶುರು ಮಾಡ್ತೀನಿ ಅಂತ ಹಠ ಹಿಡಿದು ಕೂತಿದಾರೆ. ಕೊಡಬಹುದಾ? ಎಷ್ಟು? ಇನ್ನೊಂದು ವಿಷಯ, ಅಪ್ಪನ ಕಾಲದಲ್ಲಿ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರೋ ಕಾಡು) ಇದು ಬೇಕಾದಷ್ಟಿತ್ತಂತೆ, ಈಗ ಇಡೀ ದಿನ ಹುಡುಕಿದ್ರೂ ಒಂದೂ ಕಾಣಲ್ಲ. ಇರೋ ಎರಡನ್ನ ಕೀಳೋಕೆ ಕೈ ಬರ್ತಿಲ್ಲ.

ವೈದ್ಯೆ_ಮಲೆನಾಡು:
ದಯವಿಟ್ಟು ಅಪ್ಪನ ಮಾತ್ರೆ ನಿಲ್ಲಿಸಬೇಡಿ, ಮಾತ್ರೆ ಜೊತೆಗೆ ಈ ಪುಡಿನೂ ಕೊಡಬೇಡಿ. ನಾನು ಆಯುರ್ವೇದವನ್ನೇ ಓದಿ ಅದನ್ನೇ ಪ್ರಾಕ್ಟೀಸ್ ಮಾಡೋಳು, ಸರ್ಪಗಂಧ ಕೆಲಸ ಮಾಡಲ್ಲ ಅಂತ ಹೇಳ್ತಿಲ್ಲ, ಬಹಳ ಚೆನ್ನಾಗಿ ಮಾಡತ್ತೆ, ಅದಕ್ಕೇ ಹೆದರಿಕೆ. ನಿದ್ದೆ ಬರದವರಿಗೆ, ಉನ್ಮಾದಕ್ಕೆ ನಮ್ಮ ದೇಶದಲ್ಲಿ ತಲೆತಲಾಂತರದಿಂದ ಕೊಡ್ತಾ ಬಂದಿರೋ ಬೇರು ಇದು, ಬಿಹಾರದ ಕಡೆ ಹುಚ್ಚಿನ ಔಷಧಿ ಅಂತಲೇ ಹೆಸರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ರಕ್ತದೊತ್ತಡಕ್ಕೂ ಆಗತ್ತೆ ಅಂತ ಬರೆದ್ರು, 1949ರಲ್ಲಿ ಮುಂಬೈಯ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲಿನ ಅನುಭವ ಪ್ರಕಟಿಸಿದ ಮೇಲೆ ಹೊರದೇಶದವರ ಕಣ್ಣು ಬಿತ್ತು, 1952ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಬೇರಿಂದ ರಿಸರ್ಪಿನ್ ಅನ್ನೋ ಔಷಧಿ ಅಂಶ ಬೇರ್ಪಡಿಸಿದ್ರು.

ಈ ರಿಸರ್ಪಿನ್ ನರದ ತುದಿಯಲ್ಲಿ ಕೂಡಿಟ್ಟಿರೋ, ಸಂದೇಶ ಸಾಗಿಸೋ ರಾಸಾಯನಿಕಗಳಾದ ನಾರ್‌ಅಡ್ರಿನಲಿನ್, ಸಿರೊಟೊನಿನ್, ಡೋಪಮಿನ್ ಎಲ್ಲವನ್ನೂ ಖಾಲಿ ಮಾಡಿಬಿಡತ್ತೆ, ಹಾಗಾಗಿ ಬಿಪಿ ಇಳಿಯತ್ತೆ, ಮನಸ್ಸು ಶಾಂತ ಆಗತ್ತೆ, ಆದರೆ ಪ್ರಮಾಣ ಹೆಚ್ಚಾದ್ರೆ ಅದೇ ಮನಸ್ಸು ಕುಗ್ಗಿ ಖಿನ್ನತೆಗೆ ಹೋಗಬಹುದು, ನಾಡಿ ನಿಧಾನ ಆಗತ್ತೆ, ಮೂಗು ಕಟ್ಟತ್ತೆ, ಹೊಟ್ಟೆ ಹುಣ್ಣು ಇದ್ದವರಿಗೆ ಕೆಣಕತ್ತೆ. ನಿಲ್ಲಿಸಿದ ಮೇಲೂ ಪರಿಣಾಮ ಎಷ್ಟೋ ದಿನ ಉಳಿಯತ್ತೆ. ಬಸುರಿಯರು, ಹಾಲುಣಿಸೋ ತಾಯಂದಿರು, ಖಿನ್ನತೆ ಅಥವಾ ಪಾರ್ಕಿನ್ಸನ್ ಇರೋರು ಮುಟ್ಟಲೇಬಾರದು. ಮನೇಲಿ ಕುಟ್ಟಿದ ಒಂದು ಚಮಚದಲ್ಲಿ ಎಷ್ಟು ಆಲ್ಕಲಾಯ್ಡ್ (ರಿಸರ್ಪಿನ್ ಥರದ ಅಂಶ) ಇದೆ ಅಂತ ಅಜ್ಜನಿಗೂ ಗೊತ್ತಾಗಲ್ಲ ನನಗೂ ಗೊತ್ತಾಗಲ್ಲ, ಒಂದು ಬೇರಿಗೂ ಇನ್ನೊಂದಕ್ಕೂ ಅಷ್ಟು ವ್ಯತ್ಯಾಸ ಇರತ್ತೆ. ಅಪ್ಪನ್ನ ಅವರ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ನಿದ್ದೆ ವಿಷಯನೂ ಅಲ್ಲೇ ಹೇಳಿ. ಮತ್ತೆ ಯಾರಿಗಾದ್ರೂ ಹಾವು ಕಚ್ಚಿದ್ರೆ ಈ ಬೇರು ಅರೆದು ಕೂರಬೇಡಿ, ನೇರ ಆಸ್ಪತ್ರೆಗೆ.

ಕಾಡುದಾರಿ:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಗಿಡ ಯಾವುದು ಅನ್ನೋದನ್ನೂ ನೋಡ್ಕೊಳ್ಳಿ, ಇದರದ್ದೇ ಕುಲದ ಇನ್ನೊಂದು ಗಿಡ ಅಮೆರಿಕ ಖಂಡದಿಂದ ಬಂದು ಇಲ್ಲಿ ಬೇಲಿ ಸಾಲಲ್ಲೆಲ್ಲ ಬೆಳ್ಕೊಂಡಿದೆ, ಬೇರಿನ ವ್ಯಾಪಾರದಲ್ಲಿ ಸರ್ಪಗಂಧ ಅಂತ ಅದನ್ನೂ ಬೆರೆಸ್ತಾರೆ. ಅದರ ಗೆಣ್ಣಲ್ಲಿ ಸಾಮಾನ್ಯವಾಗಿ ನಾಲ್ಕು ಎಲೆ, ನಾಲ್ಕೂ ಒಂದೇ ಅಳತೆ ಇರಲ್ಲ, ಹೂವು ಸಣ್ಣದು. ನಮ್ಮದರಲ್ಲಿ ಹೆಚ್ಚಾಗಿ ಮೂರು ಎಲೆ ಸುತ್ತ. ನೀವು ಕೆಂಪು ತೊಟ್ಟು ಅಂದಿದ್ದು ಕೇಳಿದ್ರೆ ನಿಮ್ಮದು ಅಸಲಿನೇ ಅನ್ಸತ್ತೆ, ಫೋಟೋ ಹಾಕಿ.

ಸೊಪ್ಪಿನ ಬೆಟ್ಟದಲ್ಲಿ ಯಾಕೆ ಇಲ್ಲ ಅಂದ್ರೆ, ತುಳಸಿ ಥರ ಎಲೆ ಕಿತ್ಕೊಂಡು ಗಿಡ ಬಿಡೋ ಹಾಗಿಲ್ಲ ಇದರಲ್ಲಿ, ಔಷಧಿ ಇರೋದೇ ಬೇರಲ್ಲಿ, ಅದರಲ್ಲೂ ಬೇರಿನ ಸಿಪ್ಪೆಯಲ್ಲಿ. ಬೇರು ತೆಗೆದ್ರೆ ಗಿಡ ಹೋಯ್ತು. ಹಣ್ಣು ಬಿಡೋಕೂ ಪುರುಸೊತ್ತು ಕೊಡದೆ ಅಗೆದ್ರೆ ಮುಂದಿನ ಮಳೆಗಾಲಕ್ಕೆ ಬೀಜ ಎಲ್ಲಿಂದ ಬರಬೇಕು ಹೇಳಿ. 1990ರಿಂದ ಇದು ಸೈಟಿಸ್, ಅಂದ್ರೆ ಅಪಾಯದಲ್ಲಿರೋ ಪ್ರಾಣಿ-ಸಸ್ಯಗಳನ್ನ ದೇಶದೇಶಗಳ ನಡುವೆ ಮಾರೋದಕ್ಕೆ ಕಡಿವಾಣ ಹಾಕೋ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಅಂದ್ರೆ ಪರವಾನಗಿ ಇಲ್ಲದೆ ದೇಶ ದಾಟಿಸೋ ಹಾಗಿಲ್ಲ. ಆದ್ರೆ ಊರೊಳಗೆ ಬೇರು ಕೇಳ್ಕೊಂಡು ಬರೋರನ್ನ ಯಾವ ಪಟ್ಟಿನೂ ತಡೆಯಲ್ಲ, ಬಂದ್ರೆ ನಿಮ್ಮ ಗಿಡ ತೋರಿಸಬೇಡಿ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಅನ್ನೋ, ನಾಟಿ ವೈದ್ಯ ಪರಂಪರೆ ಉಳಿಸೋ ಸಂಸ್ಥೆ 1993ರಿಂದ ಅರಣ್ಯ ಇಲಾಖೆ ಜೊತೆ ಸೇರಿ ಕಾಡೊಳಗೇ ಔಷಧಿ ಸಸ್ಯಗಳಿಗೆ ಅಂತ ಸಂರಕ್ಷಣಾ ಜಾಗ ಗುರುತಿಸಿದೆ, ಒಳ್ಳೆ ಕೆಲಸ, ಆದ್ರೆ ನಿಮ್ಮಂಥವರ ತೋಟದ ಅಂಚೂ ಅಷ್ಟೇ ಮುಖ್ಯ.

ನರ್ಸರಿ_ಕೆಲಸ:
ಬೀಜದಿಂದ ಮಾಡ್ತೀನಿ ಅಂದ್ರೆ ತಾಳ್ಮೆ ಬೇಕು, ಬಹಳ ಬೀಜ ಒಳಗೆ ಪೊಳ್ಳು. ಹಣ್ಣು ಕಪ್ಪಾಗಿ ಮಾಗಿದ ಕೂಡ್ಲೇ ತೆಗೆದು ತಿರುಳು ತೊಳೆದು ನೀರಿಗೆ ಹಾಕಿ, ತೇಲಿದ್ದು ಬಿಸಾಕಿ, ಮುಳುಗಿದ್ದು ಮಾತ್ರ ಬಿತ್ತಿ, ಹಳೇದಾದಷ್ಟೂ ಹುಟ್ಟೋದು ಕಮ್ಮಿ. ಮರಳು, ಎಲೆಗೊಬ್ಬರ ಬೆರೆಸಿದ ಮಣ್ಣು, ಅರೆನೆರಳು, ನೀರು ನಿಲ್ಲಬಾರದು ಅಷ್ಟೇ. ಗಿಡ ಒಂದಷ್ಟಾದ ಮೇಲೆ ಬೇರಿನ ತುಂಡಿಂದಲೂ ಮಾಡಬಹುದು, ಬೆರಳುದ್ದದ ತುಂಡನ್ನ ಅಡ್ಡ ಮಲಗಿಸಿ ತೆಳ್ಳಗೆ ಮಣ್ಣು ಮುಚ್ಚಿದ್ರೆ ಚಿಗುರತ್ತೆ, ಆದ್ರೆ ಈಗಿರೋ ಎರಡರ ಬೇರಿಗೆ ಕೈ ಹಾಕಬೇಡಿ. ಬೆಳೆಯಾಗಿ ಮಾಡೋರೂ ಒಂದೂವರೆ ವರ್ಷಕ್ಕೆ ಮುಂಚೆ ಬೇರು ತೆಗೆಯಲ್ಲ.

ಅಡಿಕೆಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವೈದ್ಯರು ಬರೆದಿದ್ದನ್ನ ಅಪ್ಪನಿಗೆ ಪೂರ್ತಿ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡು ಎದ್ದು ಹೋಗಿ ಮಾತ್ರೆ ನುಂಗಿದ್ರು, ಸೋಮವಾರ ಡಾಕ್ಟರ್ ಹತ್ರ ಹೋಗ್ತಿದೀವಿ. ಗಿಡ ಬಗ್ಗಿ ನೋಡಿದೆ, ಗೆಣ್ಣಿಗೆ ಮೂರೇ ಎಲೆ. ಒಂದರಲ್ಲಿ ಹಸಿರು ಕಾಯಿ ನಾಲ್ಕೈದು ಕಟ್ಟಿದೆ. ದನ ಬಾಯಿ ಹಾಕದ ಹಾಗೆ ಸುತ್ತ ಮುಳ್ಳು ಕಟ್ಟಿ ಬಂದಿದೀನಿ. ಹಣ್ಣನ್ನ ಹಕ್ಕಿ ತಿನ್ನತ್ತಾ, ಬಲೆ ಮುಚ್ಚಬೇಕಾ ಅಂತ ಗೊತ್ತಿದ್ದವರು ಹೇಳಿ.