ಪದಚರ್ಚೆ: ‘ಜನ್ಮಜಾತ ರೋಗನಿರೋಧಕ ಶಕ್ತಿ’ ಸರಿಯೇ? ‘ಬಳುವಳಿ ರಕ್ಷೆ’ ಆಗಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಬ್ಯಾನರಿನ ಸಾಲಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಟಿ ಕೋಶಗಳ (ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವರ ವಿಭಾಗದಲ್ಲಿ ಎರಡು ದಿನದ ಸಭೆಯಂತೆ. ಬಾಗಿಲಿಗೆ ಕಟ್ಟುವ ಬ್ಯಾನರಿನಲ್ಲಿ ಕನ್ನಡದ್ದೂ ಒಂದು ಸಾಲು ಇರಲಿ ಎಂದು ಯಾರೋ ಹೇಳಿದ್ದಾರೆ. ಇಂಗ್ಲಿಷ್ ಹೆಸರನ್ನು (ಅದರಲ್ಲಿ ‘ಇನ್ನೇಟ್ ಇಮ್ಯೂನಿಟಿ’ ಎಂದಿದೆ, ಯಾವ ರೋಗವನ್ನೂ ಕಾಣುವ ಮೊದಲೇ ಮೈಯಲ್ಲಿರುವ ರಕ್ಷಣೆ) ಕಂಪ್ಯೂಟರಿಗೆ ಹಾಕಿ ಬಂದದ್ದನ್ನು ನನಗೆ ವಾಟ್ಸಾಪ್ ಮಾಡಿದಳು: ‘ಜನ್ಮಜಾತ ರೋಗನಿರೋಧಕ ಶಕ್ತಿ ಮತ್ತು ಟಿ ಕೋಶ ಸಂಶೋಧನೆಯ ವೈಜ್ಞಾನಿಕ ಸಭೆ’. ಅದರ ಕೆಳಗೆ, ‘ಮಾಮ, ಸರಿಯಿದ್ಯಾ? ಜನ್ಮಜಾತ ಅನ್ನೋದು ಯಾಕೋ ಚುಚ್ತಾ ಇದೆ.’

ನಾನು 31 ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಕ್ರಯಪತ್ರ, ವಿಭಾಗಪತ್ರ ಬರೆದವನು. ವಿಜ್ಞಾನ ನನ್ನ ಹೊಲವಲ್ಲ. ಆದರೆ ಪತ್ರದಲ್ಲಿ ಒಂದು ಪದ ಜಾರಿದರೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಅವಳಿಗೆ ಚುಚ್ಚಿದ್ದು ಎಲ್ಲಿ ಅಂತ ಫೋನಿನಲ್ಲಿ ಕೇಳಿದೆ.

ಹುಟ್ಟುವಾಗಲೇ ಇದ್ದದ್ದೆಲ್ಲ ಜನ್ಮಜಾತ. ಹೃದಯದ ರಂಧ್ರವೂ ಜನ್ಮಜಾತ, ಸೀಳುತುಟಿಯೂ ಜನ್ಮಜಾತ. ಪದಕ್ಕೆ ಆಸ್ಪತ್ರೆಯ ವಾಸನೆ ಹತ್ತಿದೆ. ಅದನ್ನು ಬಿಟ್ಟರೂ ತೊಡಕು ತಪ್ಪುವುದಿಲ್ಲ. ಮಗು ಹುಟ್ಟುವಾಗ ಅದರ ಮೈಯಲ್ಲಿ ಅಮ್ಮನ ಪ್ರತಿಕಾಯಗಳು ಇರುತ್ತವೆ, ಮಾಸು ದಾಟಿ ಬಂದವು. ಅಮ್ಮ ತಾನು ಕಂಡ ಕಾಯಿಲೆಗಳಿಂದ, ಹಾಕಿಸಿಕೊಂಡ ಲಸಿಕೆಗಳಿಂದ ಸಂಪಾದಿಸಿದ್ದು ಅದು. ಹುಟ್ಟಿನಲ್ಲೇ ಇದೆ, ಆದರೆ ವಿಜ್ಞಾನಿಗಳು ‘ಇನ್ನೇಟ್’ ಎನ್ನುವ ಅರ್ಥದಲ್ಲಿ ಹುಟ್ಟಿನದ್ದಲ್ಲ. ಕೆಲವು ತಿಂಗಳಲ್ಲಿ ಕರಗಿ ಹೋಗುತ್ತದೆ. ನಮ್ಮ ಕಚೇರಿಯ ಭಾಷೆಯಲ್ಲಿ ಅದು ಭೋಗ್ಯ, ಸ್ವಂತದ್ದಲ್ಲ.

ಹಾಗಾದರೆ ‘ಸಹಜ’ ಎನ್ನೋಣವೇ? ಜೊತೆಗೆ ಹುಟ್ಟಿದ್ದು ಎಂಬ ಮೂಲಾರ್ಥಕ್ಕೆ ಇದಕ್ಕಿಂತ ಹತ್ತಿರದ ಪದವಿಲ್ಲ. ಕರ್ಣನದು ಸಹಜ ಕವಚ ಎನ್ನುವಾಗ ನಾವು ಹೇಳುವುದು ಅದನ್ನೇ. ಆದರೆ ಕೊರೊನಾ ಕಾಲದಲ್ಲಿ ಸೋಂಕು ತಗುಲಿ ವಾಸಿಯಾದವರಿಗೆ ಬಂದ ರಕ್ಷಣೆಯನ್ನು, ಲಸಿಕೆಯದ್ದಲ್ಲ ಎಂದು ತಿಳಿಸಲು, ‘ಸಹಜ’ ಎಂದು ಕರೆದು ರೂಢಿಯಾಯಿತು. ಅದು ಗಳಿಸಿದ್ದು, ಅಂದರೆ ಪೂರಾ ಉಲ್ಟಾ. ಪದ ಕೈತಪ್ಪಿದೆ.

ಸೊಸೆ ಇನ್ನೂ ಬಿಡಿಸಿ ಹೇಳಿದಳು. (ನಮ್ಮಲ್ಲಿ ಸೋದರ ಸೊಸೆಯನ್ನು ಹಾಗೇ ಕರೆಯುವುದು, ಬೇರೆ ಅರ್ಥ ಬೇಡ.) ಮೊದಲ ಬಗೆಯ, ಅಂದರೆ ‘ಇನ್ನೇಟ್’ ರಕ್ಷಣೆಯ, ಕೋಶಗಳು ರೋಗಾಣುವನ್ನು ಗುರುತಿಸುವ ಸಾಧನಗಳು ಅಪ್ಪ ಅಮ್ಮನ ಜೀನುಗಳಲ್ಲಿ ಹೇಗಿದ್ದವೋ ಹಾಗೇ ನಮಗೆ ಬರುತ್ತವೆ. ಟಿ ಕೋಶದ್ದು ಹಾಗಲ್ಲ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಅದು ಬಲಿಯುವಾಗ ತನ್ನ ಜೀನ್ ಚೂರುಗಳನ್ನೇ ಕತ್ತರಿಸಿ ಬೇರೆ ರೀತಿ ಜೋಡಿಸಿಕೊಳ್ಳುತ್ತದೆ. ಟಿ ಎಂದರೆ ಥೈಮಸ್ಸೇ. ಪ್ರತಿಕಾಯಗಳಲ್ಲಿ ಈ ಕತ್ತರಿ ಕೆಲಸವನ್ನು 1976ರಲ್ಲಿ ತೋರಿಸಿದವರು ಸುಸುಮು ತೊನೆಗಾವಾ, 1987ರಲ್ಲಿ ಅದಕ್ಕೆ ನೊಬೆಲ್ ಬಂತು. ಪ್ರತಿ ಟಿ ಕೋಶಕ್ಕೂ ತನ್ನದೇ ಬೀಗದ ಕೈ.

ನಾನು ಅಲ್ಲೇ ತಡೆದೆ. ‘ಅಯ್ಯೋ ಮಗಳೇ, ಇದು ಪಿತ್ರಾರ್ಜಿತ, ಸ್ವಯಾರ್ಜಿತ ಅಲ್ವೇನೇ!’

ಎಷ್ಟು ಪತ್ರಗಳಲ್ಲಿ ಬರೆದಿಲ್ಲ, ‘ಷೆಡ್ಯೂಲು ಸ್ವತ್ತು ನನ್ನ ಸ್ವಯಾರ್ಜಿತವಾಗಿದ್ದು ಇದರಲ್ಲಿ ಅನ್ಯರಿಗೆ ಯಾವ ಹಕ್ಕೂ ಇರುವುದಿಲ್ಲ’ ಎಂದು. ಎರಡೆಕರೆ ಜಮೀನಿರುವ ಯಾರಿಗೂ ಈ ಎರಡು ಪದ ವಿವರಿಸಬೇಕಿಲ್ಲ. ಒಂದೇ ಕೊರತೆ: ಸ್ವಯಾರ್ಜಿತಕ್ಕೆ ಉಯಿಲು ಬರೆಯಬಹುದು, ಟಿ ಕೋಶದ ಗಳಿಕೆ ಆ ದೇಹದ ಜೊತೆಗೇ ಮುಗಿಯುತ್ತದೆ.

ಅವಳು ಖುಷಿಪಟ್ಟಳು, ಅರ್ಧ ಗಂಟೆ ಬಿಟ್ಟು ತಕರಾರು ಕಳಿಸಿದಳು. ‘ಟಿಎಲ್‌ಆರ್ 7 ಅಂತ ರೋಗಾಣು ಗುರುತಿಸೋ ಸಾಧನ ಒಂದಿದೆ ಮಾಮ. ಅದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಿಗೆ ಅದು ಅಮ್ಮನಿಂದ ಮಾತ್ರ ಬರೋದು. ಪಿತ್ರಾರ್ಜಿತ ಹೇಗಾಯ್ತು?’ 2020ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೊರೊನಾ ವಿಪರೀತಕ್ಕೆ ಹೋದ ಎಳೆ ವಯಸ್ಸಿನ ಅಣ್ಣತಮ್ಮಂದಿರಲ್ಲಿ ಕೆಟ್ಟಿದ್ದು ಇದೇ ಜೀನಂತೆ. ಅವಳ ಮಾತಿಗೆ ಎದುರಾಡುವಂತಿರಲಿಲ್ಲ. ಅಪ್ಪನ ಹೆಸರಿನ ಖಾತೆಯಲ್ಲಿ ಅಮ್ಮನ ಪಾಲು ಮರೆಯುವ ಚಾಳಿ ನಮ್ಮ ಕಚೇರಿಯಲ್ಲೂ ಬಹಳ ಕಾಲ ಇತ್ತು.

ಆಗ ಹೊಳೆದದ್ದು ‘ಬಳುವಳಿ’. ತವರಿನಿಂದ ಕೊಟ್ಟು ಕಳಿಸುವುದು ಎಂಬ ಅರ್ಥವೂ ಉಂಟು, ಹಿರಿಯರಿಂದ ಬಂದದ್ದು ಎಂಬ ಅರ್ಥವೂ ಉಂಟು. ಎದುರಿಗೆ ‘ಗಳಿಕೆ’ ಇಟ್ಟರೆ ಕಿವಿಗೂ ಹೊಂದುತ್ತದೆ: ಬಳುವಳಿ ರಕ್ಷೆ, ಗಳಿಕೆ ರಕ್ಷೆ. ‘ಹುಟ್ಟುರಕ್ಷೆ’ಯನ್ನೂ ಯೋಚಿಸಿದ್ದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವಲ್ಲ, ಈ ರಕ್ಷೆ ಅಷ್ಟು ಹಟಮಾರಿಯಲ್ಲವಂತೆ. ಹುಟ್ಟಿದ ಕೂಸಿಗೆ ಹಾಕುವ ಬಿಸಿಜಿ ಚುಚ್ಚುಮದ್ದು ಕ್ಷಯಕ್ಕೆ ಮಾತ್ರವಲ್ಲದೆ ಈ ಕೋಶಗಳನ್ನೂ ಸ್ವಲ್ಪ ಕಾಲ ಚುರುಕುಗೊಳಿಸುತ್ತದೆ ಎಂದಳು. ಬಳುವಳಿ ಬಂದ ಹೊಲಕ್ಕೂ ಗೊಬ್ಬರ ಹಾಕಬಹುದು. ಬಳುವಳಿಯೇ ಇರಲಿ.

‘ರಕ್ಷೆ’ ಯಾಕೆ, ‘ಶಕ್ತಿ’ ಯಾಕಲ್ಲ ಎಂದು ಕೇಳುವಿರಿ. ಶಕ್ತಿ ಎಂದ ಕೂಡಲೇ ಅದು ಹೆಚ್ಚಿದಷ್ಟೂ ಒಳ್ಳೆಯದು ಎನಿಸುತ್ತದೆ. 2020ರಿಂದ ಕಷಾಯದ ಪೊಟ್ಟಣಗಳೆಲ್ಲ ಇದೇ ಪದದ ಮೇಲೆ ಮಾರಾಟವಾದವು. ಕೀಲುಗಳನ್ನು ತನ್ನ ಸೈನ್ಯವೇ ಮುತ್ತುವ ಸಂಧಿವಾತದವರಿಗೆ ‘ಶಕ್ತಿ ಹೆಚ್ಚಿಸಿಕೊಳ್ಳಿ’ ಎನ್ನುವುದು ಎಂಥ ಸಲಹೆ?

ಇನ್ನೊಂದು ಕುತೂಹಲ. ಇಮ್ಯೂನಿಟಿಯ ಲ್ಯಾಟಿನ್ ಬೇರು ‘ಇಮ್ಯೂನಿಸ್’. ರೋಮಿನಲ್ಲಿ ತೆರಿಗೆ, ಬಿಟ್ಟಿಚಾಕರಿಗಳಿಂದ ಬಿಡುಗಡೆ ಪಡೆದವನು ಎಂದು ಅರ್ಥ. ನಮ್ಮ ಶಾಸನಗಳ ‘ಸರ್ವಮಾನ್ಯ’ ಇದೇ ಅಲ್ಲವೇ? ದತ್ತಿ ಭೂಮಿಗೆ ‘ಸರ್ವಬಾಧಾಪರಿಹಾರ’ವಾಗಿ ಎಂದು ಬರೆಸುತ್ತಿದ್ದರು, ತೆರಿಗೆಯ ಬಾಧೆ ಅದು. ಬ್ಯಾನರಿಗೆ ಹಾಕಿದರೆ ಜನ ದೇವಸ್ಥಾನದ ಹೋಮ ಅಂದುಕೊಂಡಾರು, ಬಿಡಿ.

ತೆರಿಗೆಯಿಂದ ಟೋಲು ನೆನಪಾಯಿತು. ಹಣ್ಣುನೊಣದಲ್ಲಿ ‘ಟೋಲ್’ ಎಂಬ ಜೀನಿದೆ. ಜರ್ಮನ್ ಭಾಷೆಯಲ್ಲಿ ‘ಅಬ್ಬ, ಭಲೇ!’ ಎಂಬಂಥ ಉದ್ಗಾರ. ವಿಚಿತ್ರ ಮರಿಹುಳುವನ್ನು ಕಂಡು ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಹಾಗೆ ಉದ್ಗರಿಸಿದರೆಂದು ಪ್ರತೀತಿ. ಅದು ನೊಣವನ್ನು ಬೂಷ್ಟಿನಿಂದ ಕಾಯುತ್ತದೆ ಎಂದು ಜೂಲ್ಸ್ ಹಾಫ್‌ಮನ್ ತಂಡ 1996ರಲ್ಲಿ ತೋರಿಸಿತು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಯಲ್ಲಿ ಅದರ ದಾಯಾದಿಯನ್ನು ಹಿಡಿದರು. ಇಬ್ಬರಿಗೂ 2011ರ ನೊಬೆಲಿನಲ್ಲಿ ಪಾಲಿತ್ತು. ಮೇಲೆ ಹೇಳಿದ ಟಿಎಲ್‌ಆರ್ 7 ಇದೇ ಮನೆತನದ್ದು, ಆರ್ ಎಂದರೆ ರಿಸೆಪ್ಟರ್; ಕನ್ನಡದಲ್ಲಿ ಇದನ್ನು ‘ಟೋಲ್ ಗ್ರಾಹಕ’ ಎಂದುಬಿಟ್ಟಿದ್ದೇವೆ. ಸೊಸೆ ಒಂದು ಪತ್ರಿಕೆಗೆ ಬರೆದ ಪುಟ್ಟ ಲೇಖನದಲ್ಲಿ ‘ಟೋಲ್ ಗ್ರಾಹಕಗಳು’ ಎಂದಿತ್ತು. ಅಚ್ಚಾಗಿ ಬಂದಾಗ ‘ಟೋಲ್ ಗ್ರಾಹಕರು’ ಆಗಿತ್ತು. ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಂತವರು! ‘ಗ್ರಾಹಿ’ ಎಂದರೆ ಈ ಗಿರಾಕಿಗಳ ಕಾಟ ತಪ್ಪೀತೇ?

ಬ್ಯಾನರಿನ ‘ಮತ್ತು’ವಿನ ಬಗ್ಗೆಯೂ ಒಂದು ಮಾತು, ಎರಡು ರಕ್ಷೆಗಳನ್ನೂ ಹೆಣೆಯುವುದು ಅದೇ. 1989ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ಸಭೆಗೆ ಚಾರ್ಲ್ಸ್ ಜೇನ್‌ವೇ ಬರೆದ ಪ್ರಸ್ತಾವನೆಯಲ್ಲಿ ಒಂದು ಊಹೆಯಿತ್ತು: ಟಿ ಕೋಶಕ್ಕೆ ತನ್ನ ಗುರಿ ಕಂಡರಷ್ಟೇ ಸಾಲದು, ಬಳುವಳಿ ಕಡೆಯವರು ‘ಇದು ನಿಜಕ್ಕೂ ರೋಗಾಣು’ ಎಂದು ಎರಡನೆಯ ಸಂಕೇತ ಕೊಡಬೇಕು. ಹಾಫ್‌ಮನ್, ಬಾಯ್ಟ್ಲರ್ ಕಂಡದ್ದು ಆ ಊಹೆಗೆ ಸಿಕ್ಕ ಪುರಾವೆ. ಎರಡನೆಯ ಸಂಕೇತವಿಲ್ಲದೆ ಗುರಿ ಕಂಡ ಟಿ ಕೋಶ ಮಂಕಾಗಿ ಕೂತುಬಿಡುತ್ತದೆ. ನಾನು ಇದನ್ನು ‘ಸಾಕ್ಷಿ ಸಂಕೇತ’ ಎನ್ನುತ್ತೇನೆ. ಪಾರ್ಟಿ ರುಜು ಹಾಕಿದರೂ ಸಾಕ್ಷಿಗಳಿಲ್ಲದೆ ಪತ್ರ ಮುಂದಕ್ಕೆ ಹೋಗುವುದಿಲ್ಲವಷ್ಟೆ.

2025ರ ನೊಬೆಲ್ ಪಡೆದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಅವರು ಬೆಳಕಿಗೆ ತಂದ ಟಿ ಕೋಶಗಳಿಗೆ ‘ನಿಯಂತ್ರಕ’ ಎನ್ನುತ್ತೇವೆ. ನನಗೆ ಬಸ್‌ಸ್ಟ್ಯಾಂಡಿನ ಸಂಚಾರ ನಿಯಂತ್ರಕರೇ ಕಣ್ಣಿಗೆ ಬರುತ್ತಾರೆ. ಈ ಕೋಶಗಳು ಮಾಡುವುದು ಗಡಿ ಮೀರಿ ಸ್ವಂತ ದೇಹದ ಮೇಲೇ ಬೀಳುವ ಬೇರೆ ಟಿ ಕೋಶಗಳನ್ನು ತಡೆಯುವ ಕೆಲಸ. ಸರ್ವೆಯವರ ‘ಹದ್ದುಬಸ್ತು’ ನಾಲಿಗೆಯ ಮೇಲೇ ಇದೆ. ‘ಹದ್ದುಬಸ್ತು ಕೋಶ’ ಎಂದರೆ ನಗುತ್ತೀರಾ?

ಕಡೆಗೆ ‘ಸಭೆ’. ಅದು ತೀರಾ ಸಪ್ಪೆ, ಪಂಚಾಯ್ತಿಯದ್ದೂ ಸಭೆಯೇ. ಸಮ್ಮೇಳನಕ್ಕೆ ಎರಡು ದಿನ ಚಿಕ್ಕದು. ಕಮ್ಮಟ ಮೂಲದಲ್ಲಿ ಟಂಕಸಾಲೆ, ಈಗ ಕೈಗೆ ಕೆಲಸ ಕೊಡುವ ಕಡೆಗೆ ಸಲ್ಲುತ್ತದೆ. ಗ್ರೀಕರ ಸಿಂಪೋಸಿಯಂ ಎಂದರೆ ಜೊತೆಗೂಡಿ ಕುಡಿಯುವುದು, ಅಕ್ಷರಶಃ ಪಾನಗೋಷ್ಠಿ. ಪಾನವನ್ನು ಕಳೆದು ‘ವಿಚಾರಗೋಷ್ಠಿ’ ಎಂದಿಟ್ಟಿದ್ದೇನೆ. ಸಂಜೆ ಪೋಸ್ಟರುಗಳ ಮುಂದೆ ಏನು ಸರಬರಾಜಾಗುತ್ತದೋ ನಾನು ಕೇಳಲಿಲ್ಲ.

ಸದ್ಯಕ್ಕೆ ಸಾಲು ಹೀಗಿದೆ: ‘ಬಳುವಳಿ ರಕ್ಷೆ ಮತ್ತು ಟಿ ಕೋಶಗಳು: ಎರಡು ದಿನದ ವಿಚಾರಗೋಷ್ಠಿ’. ತುಳುನಾಡಿನವರು, ಧಾರವಾಡದ ಕಡೆಯವರು ಬಳುವಳಿಗೆ ನಿಮ್ಮಲ್ಲಿ ಬರೀ ವರದಕ್ಷಿಣೆಯ ಅರ್ಥ ಇದೆಯೇ ತಿಳಿಸಿ. ಹಾಗಿದ್ದರೆ ಬದಲಿಸಬೇಕು. ಬ್ಯಾನರು ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅಗಲ ಎಂಟಡಿ, ಅದರಲ್ಲಿ ಕನ್ನಡಕ್ಕೆ ಕೊಟ್ಟಿರುವುದು ಮೇಲಿನ ಒಂದೇ ಪಟ್ಟಿ.