'ಕಾಗ್ನಿಷನ್'ಗೆ ಮನೆಯವರಿಗೆ ಅರ್ಥವಾಗುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಸೈಕೋಸಿಸ್‌ನ (ನಿಜ ಯಾವುದು, ಅಲ್ಲದ್ದು ಯಾವುದು ಎಂಬ ಹಿಡಿತ ತಪ್ಪುವ ಮಾನಸಿಕ ಕಾಯಿಲೆ) ಆರಂಭದ ಹಂತದಲ್ಲಿರುವವರ ಮನೆಯವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. 'ಕಾಗ್ನಿಷನ್' (ಗಮನ, ನೆನಪು, ಯೋಚನೆಯ ವೇಗ ಇವೆಲ್ಲ ಸೇರಿದ್ದು) ಅನ್ನೋ ಪದದ ಹತ್ತಿರ ಬಂದು ಕೆಲಸ ನಿಂತುಬಿಟ್ಟಿದೆ.

ಈ ಕಾಯಿಲೆಯಲ್ಲಿ ಎಲ್ಲರ ಗಮನಕ್ಕೆ ಬರುವುದು ಯಾರೂ ಆಡದ ಮಾತು ಕೇಳಿಸುವುದು, ಇಲ್ಲಸಲ್ಲದ ಅನುಮಾನ. ಆದರೆ ಅದರ ಜೊತೆಗೇ, ಎಷ್ಟೋ ಸಲ ಅದಕ್ಕಿಂತ ಮೊದಲೇ, ಗಮನ ನಿಲ್ಲದಿರುವುದು, ಹೇಳಿದ್ದು ನೆನಪಲ್ಲಿ ಉಳಿಯದಿರುವುದು, ಪ್ರತಿಯೊಂದಕ್ಕೂ ಜಾಸ್ತಿ ಹೊತ್ತು ಹಿಡಿಯುವುದು ಶುರುವಾಗಿರುತ್ತದೆ. ಔಷಧಿಯಿಂದ ಆ ಮಾತುಗಳು ಕಡಿಮೆಯಾದರೂ ಇದು ಅಷ್ಟಾಗಿ ಸುಧಾರಿಸುವುದಿಲ್ಲ. ಓದಿಗೋ ಕೆಲಸಕ್ಕೋ ಮರಳುವುದು ಬಹಳಮಟ್ಟಿಗೆ ಇದರ ಮೇಲೇ ನಿಂತಿದೆ. ಎಲ್ಲರಿಗೂ ಒಂದೇ ಸಮ ಅಲ್ಲ, ಕೆಲವರಲ್ಲಿ ಗೊತ್ತೇ ಆಗದಷ್ಟು ಕಡಿಮೆ.

'ಸಂಜ್ಞಾನ' ಪಠ್ಯಪುಸ್ತಕಕ್ಕೆ ಸರಿ, ಮನೆಯವರಿಗೆ ಅದು ಏನೂ ಹೇಳುವುದಿಲ್ಲ. 'ಅರಿವು' ನನಗೆ ತುಂಬಾ ಇಷ್ಟ, ಆದರೆ 'ಅರಿವಿನ ಕೊರತೆ' ಅಂದ ಕೂಡಲೇ ತನಗೆ ಕಾಯಿಲೆ ಇದೆ ಅಂತ ಅವರಿಗೇ ಗೊತ್ತಿಲ್ಲ ಎಂಬ ಅರ್ಥ ಬರುತ್ತದೆ. ಅದು ಇದೇ ಕಾಯಿಲೆಯ ಬೇರೊಂದು ತೊಂದರೆ, ಎರಡನ್ನೂ ಬೆರೆಸೋ ಹಾಗಿಲ್ಲ. 'ಗ್ರಹಿಕೆ' ಅಂದರೆ ಕಣ್ಣು ಕಿವಿಗೆ ತಿಳಿಯುವುದು ಅಂತಲೂ ಆಗಿ, ಇಲ್ಲದ ದನಿ ಕೇಳಿಸುವುದೂ ಅದರೊಳಗೇ ಸೇರಿಬಿಡುತ್ತದೆ.

'ಬುದ್ಧಿಶಕ್ತಿ' ಮಾತ್ರ ಖಂಡಿತ ಬೇಡ. ಮಗನಿಗೆ ಬುದ್ಧಿ ಕಡಿಮೆಯಾಗಿದೆ ಅಂತಲೇ ತಾಯಿ ಓದಿಕೊಳ್ಳುತ್ತಾಳೆ. ಈ ಬಗೆಯ ಕಾಯಿಲೆಗೆ ಜರ್ಮನ್ ಮನೋವೈದ್ಯ ಎಮಿಲ್ ಕ್ರೇಪೆಲಿನ್ 19ನೇ ಶತಮಾನದ ಕೊನೆಯಲ್ಲಿ ಬಳಕೆಗೆ ತಂದ ಹೆಸರು 'ಡಿಮೆನ್ಷಿಯಾ ಪ್ರೀಕಾಕ್ಸ್' ಅಂದರೆ ಎಳೆಯ ವಯಸ್ಸಿನಲ್ಲೇ ಬರುವ ಬುದ್ಧಿನಾಶ. ಎಲ್ಲರಿಗೂ ಹಾಗೆ ಆಗುವುದಿಲ್ಲ ಅಂತಲೇ 1908ರಲ್ಲಿ ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಅದರ ಬದಲಿಗೆ 'ಸ್ಕಿಜೋಫ್ರೀನಿಯಾ' ಎಂಬ ಹೆಸರು ಕೊಟ್ಟರು. ಬಿಟ್ಟ ಅರ್ಥವನ್ನು ಕನ್ನಡದಲ್ಲಿ ನಾವು ಮತ್ತೆ ತರಬೇಕಾ?

ನನ್ನ ಒಲವು ಆಡುಮಾತಿನ 'ತಲೆ ಓಡುವುದು' ಕಡೆಗೆ. ಈ ತೊಂದರೆ ಚೆನ್ನಾಗಿ ಕಾಣಿಸುವ ಒಂದು ಪರೀಕ್ಷೆ ಇದೆ: ಒಂದೊಂದು ಅಂಕಿಗೆ ಒಂದೊಂದು ಗುರುತು, ಮೇಲೆ ಪಟ್ಟಿ, ಕೆಳಗೆ ಸಾಲಾಗಿ ಅಂಕಿಗಳು, ಪ್ರತಿ ಅಂಕಿಗೂ ಒಂದು ಖಾಲಿ ಮನೆ, ಕೊಟ್ಟ ಸಮಯದೊಳಗೆ ಎಷ್ಟಾಗುತ್ತೋ ಅಷ್ಟಕ್ಕೆ ಸರಿಯಾದ ಗುರುತು ತುಂಬಬೇಕು. ಕೆಲಸ ಗೊತ್ತಿರುತ್ತದೆ, ಆದರೆ ಪ್ರತಿ ಸಲ ಮೇಲೆ ನೋಡಿ ಕೆಳಗೆ ಬರುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ಬುದ್ಧಿ ಹೋಗಿಲ್ಲ, ತಲೆ ನಿಧಾನವಾಗಿ ಓಡುತ್ತಿದೆ, ಅಲ್ವಾ? ಅಚ್ಚಿನಲ್ಲಿ ಇದು ತೀರಾ ಹಗುರ ಅನ್ನಿಸುತ್ತದೆಯೇ, ಹೇಳಿ.

ಇನ್ನೊಂದು, 'ವರ್ಕಿಂಗ್ ಮೆಮೊರಿ'. 'ಕೆಲಸದ ನೆನಪು' ಅಂತ ಸುಮ್ನೆ ಪದಕ್ಕೆ ಪದ ಇಟ್ಟರೆ ಆಫೀಸಿನ ನೆನಪು ಅಂದುಕೊಳ್ಳುತ್ತಾರೆ. 'ಬಾಗಿಲು ಹಾಕು, ಮಾತ್ರೆ ತಗೋ, ಆಮೇಲೆ ಅಕ್ಕನಿಗೆ ಫೋನ್ ಮಾಡು' ಅಂದರೆ ಬಾಗಿಲು ಹಾಕುವಷ್ಟರಲ್ಲಿ ಮಿಕ್ಕ ಎರಡೂ ಜಾರಿಹೋಗಿರುತ್ತವೆ, ಮನೆಯವರು ಸೋಮಾರಿತನ ಅಂತ ಬೈಯುತ್ತಾರೆ. ಕೆಲಸ ಮುಗಿಯುವ ತನಕ ಮಾತನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಈ ಶಕ್ತಿಗೆ ನಿಮ್ಮ ಮಾತಿನಲ್ಲಿ ಯಾವುದಾದರೂ ಪದ ಇದೆಯಾ?