ಎಲ್ಲಾ ಥರದ ಹಿಮಕ್ಕೂ ಒಂದೇ ಜೊತೆ ಟೆಲಿಮಾರ್ಕ್ ಸ್ಕೀ: ಅನುಭವ ಇರೋರು ಹೇಳಿ

ಜೆಪಿ ನಗರ 7ನೇ ಹಂತ
ಎಲ್ಲರಿಗೂ ನಮಸ್ಕಾರ. ಟೆಲಿಮಾರ್ಕ್‌ಗೆ, ಅಂದರೆ ಹಿಮ್ಮಡಿ ಕಟ್ಟದೆ ಮಂಡಿ ಬಗ್ಗಿಸಿ ಇಳಿಯೋದಕ್ಕೆ, ಒಂದು ಜೊತೆ ಸ್ಕೀ ತಗೋಬೇಕು. ನನ್ನ ಬೂಟು ಸ್ಕಾರ್ಪಾ ಟಿಎಕ್ಸ್ ಪ್ರೊ, ಎನ್‌ಟಿಎನ್ (ಬೂಟನ್ನ ಸ್ಕೀಗೆ ಹಿಡಿಯೋ ಬೈಂಡಿಂಗಿನ ಹೊಸ ಥರ, ಹಳೇದು 75 ಮಿಮೀ), ಅಳತೆ 25.5. ಅದು ಆಗಲೇ ಮನೇಲಿದೆ, ಬದಲಾಯಿಸೋ ಮಾತಿಲ್ಲ. ಎತ್ತರ 5 ಅಡಿ 7 ಇಂಚು, ತೂಕ 72. ಫೆಬ್ರವರಿಯಲ್ಲಿ ಎಂಟು ದಿನ ಗುಲ್ಮಾರ್ಗ್, ರಜೆ ಸಿಕ್ಕರೆ ಮಾರ್ಚಲ್ಲಿ ಇನ್ನೊಂದು ಐದು ದಿನ. ಅರ್ಧ ಗೊಂಡೋಲಾ (ಕೇಬಲ್ ಕಾರು), ಅರ್ಧ ಸ್ಕೀ ತಳಕ್ಕೆ ಸ್ಕಿನ್ (ಜಾರದ ಪಟ್ಟಿ) ಅಂಟಿಸಿಕೊಂಡು ಹತ್ತೋದು. ಬೆಳಿಗ್ಗೆ ಪೌಡರ್ (ಹೊಸ ಪುಡಿ ಹಿಮ), ಮಧ್ಯಾಹ್ನದ ಹೊತ್ತಿಗೆ ಅದೇ ಇಳಿಜಾರು ಉತ್ತು ಬಿಟ್ಟ ಹೊಲ, ಮಾರ್ಚಲ್ಲಿ ಮೇಲೆ ಹಪ್ಪಳ ಒಳಗೆ ಅಂಬಲಿ. ಇಷ್ಟಕ್ಕೂ ಒಂದೇ ಜೊತೆ ಸಾಕಾಗಬೇಕು. ಸ್ಕೀ ನಡುವಿನ ಅಗಲ 92 ಮಿಮೀ ತಗೊಳ್ಳಲಾ, 98 ತಗೊಳ್ಳಲಾ, 106 ತಗೊಳ್ಳಲಾ? ಉದ್ದ 171 ಸೆಂಮೀ ಸಾಕಾ, 178 ಬೇಕಾ? ಎರಡನೇ ಜೊತೆ ಇಡೋಕೆ ಮನೇಲಿ ಜಾಗನೂ ಇಲ್ಲ, ಅನುಮತಿನೂ ಇಲ್ಲ.

ಪೀಣ್ಯ ಎರಡನೇ ಹಂತ
106 ತಗೊಳ್ಳಿ, ಕಣ್ಣು ಮುಚ್ಚಿಕೊಂಡು. ನನ್ನದೂ ಅದೇ. ನನಗೆ ತಪ್ಪಾಗಿದ್ದು ಸ್ಕೀ ಆರಿಸೋದರಲ್ಲಿ ಅಲ್ಲ, ತೂತು ಕೊರೆಯೋದರಲ್ಲಿ.

ಲೆಕ್ಕ ಬರೆದಿಟ್ಟಿದ್ದೀನಿ. ಸ್ಕೀ 52,000. ಕೊರಿಯರ್ 11,400. ಕಸ್ಟಮ್ಸ್ 24,300. ಬೈಂಡಿಂಗ್ 31,000. ಒಟ್ಟು 1,18,700, ಇನ್ನೂ ಹಿಮದ ಮೇಲೆ ಇಟ್ಟೇ ಇಲ್ಲ. ಬೈಂಡಿಂಗ್ ಕೂರಿಸಿಕೊಡೋರು ಬೆಂಗಳೂರಲ್ಲಿ ನನಗಂತೂ ಸಿಗಲಿಲ್ಲ. ನಮ್ಮ ಬೀದೀಲೇ ಲೇತ್ ಅಂಗಡಿ ಇದೆ, ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡೋ ಜನ, ಇದೇನು ಮಹಾ ಅಂದುಕೊಂಡೆ. ತೂತು ಎಲ್ಲೆಲ್ಲಿ ಅಂತ ತೋರಿಸೋ ಟೆಂಪ್ಲೇಟ್ ಕಾಗದವನ್ನ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ಹಾಕಿಸಿದೆ. ಆ ಹುಡುಗ ಪುಟದೊಳಗೆ ಕೂರಲಿ ಅಂತ ಚಿಕ್ಕದು ಮಾಡಿ ತೆಗೆದಿದ್ದಾನೆ, ನೂರಕ್ಕೆ 97. ಒಂದು ಸ್ಕೇಲ್ ಇಟ್ಟು ನೋಡೋ ಬುದ್ಧಿ ನನಗೆ ಬರಲಿಲ್ಲ. ಮುಂದಿನ ತೂತಿಗೂ ಹಿಂದಿನ ತೂತಿಗೂ 4 ಮಿಮೀ ತಪ್ಪಿತು. ಫಿಟ್ಟರ್ ಅಣ್ಣ "ಬಿಡಿ ಸಾರ್, ಪಕ್ಕದಲ್ಲಿ ಇನ್ನೊಂದು ಹೊಡೆಯೋಣ" ಅಂದ. 9 ಮಿಮೀಗೆ ನಿಲ್ಲಬೇಕು ಅಂತ ಡ್ರಿಲ್ ಬಿಟ್‌ಗೆ ಇನ್ಸುಲೇಷನ್ ಟೇಪ್ ಸುತ್ತಿದ್ವಿ. ಮೂರನೇ ತೂತಿನ ಹೊತ್ತಿಗೆ ಟೇಪು ಬಿಸಿಯಾಗಿ ಮೇಲಕ್ಕೆ ಜಾರಿದೆ. ಸ್ಕೀ ತಿರುಗಿಸಿದರೆ ತಳದಲ್ಲಿ ಮೊಡವೆ ಎದ್ದಿದೆ. ಹೆರೆದು ಮಟ್ಟ ಮಾಡಿ, ಹಳೇ ತೂತಿಗೆ ಬೆಂಕಿಕಡ್ಡಿ ತುರುಕಿ ಅರಾಲ್ಡೈಟ್ ಹಾಕಿದ್ವಿ.

ನಾಲ್ಕನೇ ದಿನ ಅಫರ್ವತ್ ಬೆಟ್ಟದ ಮೇಲೆ, ಗೊಂಡೋಲಾದ ಮೇಲಿನ ಹಂತ ಫೇಸ್ ಟು ಇಂದ ಇಳಿದ ಐದನೇ ತಿರುವಿಗೆ, ಎಡಗಾಲಿನ ಮುಂದಿನ ಎರಡೂ ಸ್ಕ್ರೂ ಬುಡಸಮೇತ ಎದ್ದು ಬಂತು. ಟೆಲಿಮಾರ್ಕಲ್ಲಿ ಹಿಮ್ಮಡಿ ಎತ್ತಿದಷ್ಟೂ ಸ್ಕ್ರೂಗಳ ಮೇಲೆ ಎಳೆತ ಅಲ್ವಾ. ಗೊಂಡೋಲಾದ ಮಧ್ಯದ ನಿಲ್ದಾಣ ಕೊಂಗ್ಡೂರಿವರೆಗೆ ಒಂದು ಸ್ಕೀಲಿ ಬಂದೆ, ಇನ್ನೊಂದು ಹೆಗಲ ಮೇಲೆ, ನೇಗಿಲು ಹೊತ್ತ ಹಾಗೆ. ಆಮೇಲೆ ಲೋಹದ ಇನ್ಸರ್ಟ್ ತರಿಸಿ ಹಾಕಿಸಿದೆ, 9,800. ಈಗ ಬಂಡೆ ಥರ ಇದೆ.

ಬಸವನಗುಡಿ ಬಲಮಂಡಿ
ಸ್ಕ್ರೂ ಎದ್ದು ಬಂದದ್ದು ನಿಮ್ಮ ಪುಣ್ಯ ಸಾರ್. ನನ್ನದು ಎದ್ದು ಬರಲಿಲ್ಲ, ಮಂಡಿ ಬಂತು.

75 ಮಿಮೀ ಬೈಂಡಿಂಗ್, ಗಟ್ಟಿ ಕೇಬಲ್ಲು, ಬಿದ್ದರೂ ಬೂಟನ್ನ ಬಿಟ್ಟುಕೊಡೋ ಮಾತೇ ಇಲ್ಲ. ಮಾರ್ಚ್ ಎರಡನೇ ವಾರ, ಬೆಳಿಗ್ಗೆ ಹತ್ತೂವರೆ. ರಾತ್ರಿ ಹೆಪ್ಪುಗಟ್ಟಿದ ಹಪ್ಪಳ ಇನ್ನೂ ಕರಗಿರಲಿಲ್ಲ. ಹಿಂದಿನ ಸ್ಕೀ ಹಪ್ಪಳದ ಅಡಿಗೆ ನುಗ್ಗಿತು, ನಾನು ಮೇಲೆ ತಿರುಗಿದೆ, ಅದು ಒಳಗೇ ನೆಟ್ಟಗೆ ಹೋಯ್ತು. ಟಪ್ ಅಂತ ಸದ್ದು ನನಗೇ ಕೇಳಿಸ್ತು. ಗಸ್ತಿನ ಹುಡುಗರು ಜಾರುಗಾಡೀಲಿ ಮಲಗಿಸಿ ಇಳಿಸಿದರು. ಬೆಂಗಳೂರಿಗೆ ಬಂದು ಆಪರೇಷನ್, 2 ಲಕ್ಷ 60 ಸಾವಿರ. ಇನ್ಶೂರೆನ್ಸಿನವರು "ಸಾಹಸ ಕ್ರೀಡೆ, ಇದರಲ್ಲಿ ಬರಲ್ಲ" ಅಂತ ಒಂದೇ ಸಾಲು ಬರೆದು ಕಳಿಸಿದರು. ಫಿಸಿಯೋ 42 ಸಲ, ಸಲಕ್ಕೆ 800, ಅಂದರೆ 33,600, ಆಟೋ ಬೇರೆ. ಗಾಂಧಿ ಬಜಾರಲ್ಲಿ ಒಂದು ಚೀಲ ತರಕಾರಿ ಹಿಡಿದು ನಡೆಯೋಕೆ ಐದು ತಿಂಗಳು ಬೇಕಾಯ್ತು.

ನಡು ಎಷ್ಟು, ಉದ್ದ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ. ಎನ್‌ಟಿಎನ್ ಬಂದಿದ್ದು 2007ರಲ್ಲಿ. ಇಷ್ಟು ವರ್ಷ ಆದಮೇಲೂ 75 ಹಾಕೋರನ್ನ ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಮೂರು ಮೊಳೆ, ಮಲ್ಲೇಶ್ವರಂ
ನಿಮ್ಮ ಹೊಟ್ಟೆ ಉರಿಗೆ ನಾನು ಹೊಣೆ ಅಲ್ಲ. ಓಸ್ಲೋದಲ್ಲಿ ಹನ್ನೊಂದು ವರ್ಷ ಇದ್ದೆ, ಅವತ್ತಿನಿಂದ ಇವತ್ತಿನವರೆಗೂ 75. ನನಗೀಗ 54, ಎರಡೂ ಮಂಡಿ ಹುಟ್ಟಿದಾಗ ಬಂದವೇ. ಟೆಲಿಮಾರ್ಕಿನ ಆದಿಗುರು, ನಾರ್ವೆಯ ಮೊರ್ಗೆದಾಲ್‌ನ ಸೋಂದ್ರೆ ನೊರ್ಹೈಮ್ 1860ರ ದಶಕದಲ್ಲಿ ಮರದ ಬಳ್ಳಿ ಹೊಸೆದು ಹಿಮ್ಮಡಿಗೆ ಕಟ್ಟಿಕೊಂಡು ಇಳೀತಿದ್ದ. ಅವನು ಯಾವ ಎನ್‌ಟಿಎನ್ ಕಂಡಿದ್ದ?

ನನ್ನ ಸ್ಕೀ ನಡು 84, ಉದ್ದ 170. ಪೌಡರಲ್ಲಿ ಮುಳುಗುತ್ತೆ, ಮುಳುಗಲಿ, ಸೊಂಟದವರೆಗೆ ಹಿಮದಲ್ಲಿ ಹೋಗೋ ಸುಖ ನಿಮ್ಮ ದೋಣಿಗಳಿಗೆ ಎಲ್ಲಿ ಬರಬೇಕು. ಗಟ್ಟಿ ಹಿಮದಲ್ಲಿ ಮಾತ್ರ ಅಂಚು ಕಡ್ಡಿ ಗೀರಿದ ಹಾಗೆ ಹಿಡಿಯುತ್ತೆ. ಅಗಲ ಹೆಚ್ಚಿದಷ್ಟೂ ಗಟ್ಟಿ ನೆಲದಲ್ಲಿ ಸ್ಕೀಯನ್ನ ಅಂಚಿಗೆ ವಾಲಿಸೋದು ಮಂಡಿಗೆ ಭಾರ. ಇದನ್ನ ಯಾರೂ ಹೇಳಲ್ಲ, ಯಾಕೆಂದರೆ ಎಲ್ಲರೂ ಆಗಲೇ 106 ತಗೊಂಡಿರ್ತಾರೆ.

ಇನ್ನು ಬಲಮಂಡಿಯವರೇ, ನಿಮ್ಮ ತಪ್ಪು ಬೈಂಡಿಂಗಿಂದಲ್ಲ, ತೊಡೆಯದು. ದಿನಾ ನೂರು ಬಸ್ಕಿ ಹೊಡೆದು ಹೋಗಬೇಕು. ಟೆಲಿಮಾರ್ಕ್ ಅಂದರೆ ಅದೇ, ಗರಡಿ ಮನೆ ಬಸ್ಕಿ, ಜಾರ್ತಾ ಜಾರ್ತಾ.

ಬಸವನಗುಡಿ ಬಲಮಂಡಿ
ಮೇಡಂ, ನಾನು ನೂರಿಪ್ಪತ್ತು ಹೊಡೀತಿದ್ದೆ. ಮಂಡಿಯೊಳಗಿನ ದಾರಕ್ಕೆ ಬಸ್ಕಿ ಲೆಕ್ಕ ಗೊತ್ತಾಗಲ್ಲ.

ಹಿಮ್ಮಡಿ ಭದ್ರ
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಎಲ್ಲರ ಹಾಗೆ ಹಿಮ್ಮಡಿ ಕಟ್ಟಿಕೊಂಡು ಇಳಿಯೋಕೆ ನಿಮಗೆಲ್ಲ ಏನು ರೋಗ?

ಮೂರು ಮೊಳೆ, ಮಲ್ಲೇಶ್ವರಂ
ಕರೆದಿದ್ಯಾರು ನಿಮ್ಮನ್ನ?

ವಿಜಯನಗರ ನಟ್ಟು ಬೋಲ್ಟು
ಬಲಮಂಡಿ ಸಾರ್, ಒಂದು ತಿದ್ದುಪಡಿ. ಎನ್‌ಟಿಎನ್ ಅಂದ ಮಾತ್ರಕ್ಕೆ ಬಿಡುತ್ತೆ ಅಂತಲ್ಲ. ನನ್ನ ಹತ್ರ ಇರೋ ಔಟ್‌ಲಾ ಎಕ್ಸ್ ಎನ್‌ಟಿಎನ್ನೇ, ಆದರೆ ಬಿಟ್ಟುಕೊಡಲ್ಲ, ಅವರೇ ಹೇಳಿಕೊಂಡು ಮಾರ್ತಾರೆ. ಬಿಡಬೇಕು ಅಂದರೆ ಮೇಜೋ ಥರದ್ದು ತಗೋಬೇಕು. ಜನ ಇದನ್ನ ಓದಿ ಎನ್‌ಟಿಎನ್ ತಗೊಂಡು ನಿಶ್ಚಿಂತೆಯಾಗಿ ಹಪ್ಪಳದ ಮೇಲೆ ಹೋಗಿ ಬಿದ್ದರೆ ಪಾಪ ಯಾರಿಗೆ?

ಬಸವನಗುಡಿ ಬಲಮಂಡಿ
ನಾನು ತಗೊಂಡಿರೋದು ಮೇಜೋನೇ. ಹೇಳಬೇಕಾಗಿತ್ತು, ಒಪ್ಪಿದೆ. ಆದರೆ "ಪಾಪ" ಅನ್ನೋ ಪದ ಜಾಸ್ತಿಯಾಯ್ತು.

ಹುಬ್ಬಳ್ಳಿಯವ, ಈಗ ಯಲಹಂಕ
ನೀವೆಲ್ಲಾ ಮೊಣಕಾಲ ಹಿಡ್ಕೊಂಡು ಜಗಳಾಡಾಕತ್ತೀರಿ, ವಿಮಾನದಾಗ ಹೆಂಗ್ ಒಯ್ಯೋದು ಅಂತ ಒಬ್ಬರೂ ಹೇಳವಲ್ರಿ.

ನಂದು ಎನ್‌ಫೋರ್ಸರ್ 94. ಒಳಗ ಎರಡು ಪದರ ಲೋಹದ ತಗಡು ಐತಿ. ಒಂದೊಂದು 2 ಕೆಜಿ, ಬೈಂಡಿಂಗ್ ಸೇರಿ ಜೋಡಿ 6ರ ಹತ್ರ. ಬೂಟು, ಬೀಕನ್ (ಹಿಮದಾಗ ಹೂತ್ರ ಹುಡುಕಾಕ ಸಿಗ್ನಲ್ ಕೊಡೋದು), ಸಲಿಕಿ, ಅರಿವಿ, ನಮ್ಮವ್ವ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಎಲ್ಲಾ ಕೂಡಿ 24. ವಿಮಾನದವರು ಬಿಡೋದು 15. ಉಳಿದ 9ಕ್ಕ ಹೋಗೂ ಮುಂದ 4,900, ಬರೂ ಮುಂದ 4,400, ಯಾಕಂದ್ರ ರೊಟ್ಟಿ ಖಾಲಿ ಆಗಿದ್ದು. ಮತ್ತ ಈ ಉದ್ದನ್ ಚೀಲ ಬೆಲ್ಟಿನ ಮ್ಯಾಲ ಹೋಗಂಗಿಲ್ಲ, ಬ್ಯಾರೆ ಕೌಂಟರಿಗೆ ಒಯ್ಯಿ ಅಂತಾರ. ಶ್ರೀನಗರದಾಗ ವಾಪಸ್ ಬರೂ ಮುಂದ ವಿಮಾನ ನಿಲ್ದಾಣದ ಹೊರಗಿನ ಗೇಟಿನಾಗ ಎಲ್ಲಾ ಇಳಿಸಿ ಸ್ಕ್ಯಾನ್ ಮಾಡಿಸಬೇಕು. ಅಲ್ಲಿ ಒಬ್ಬ ಪೊಲೀಸಪ್ಪ ಬೈಂಡಿಂಗ್ ನೋಡಿ "ಇದೇನು" ಅಂದ. ಅರ್ಧ ತಾಸು ತಿಳಿಸಿ ಹೇಳಿದೆ, ಕಡೀಕ ಮೊಣಕಾಲೂರಿ ಮಾಡಿ ತೋರಿಸಿದೆ. ನಕ್ಕ, ಬಿಟ್ಟ.

ಇನ್ನೊಂದು. ನಮ್ಮ ಕಡೆ ಪ್ರೀಪೇಯ್ಡ್ ಸಿಮ್ ಅಲ್ಲಿ ನಡಿಯಂಗಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸ್ಕೊಂಡು ಹೋಗ್ರಿ. ನಾ ಗುಲ್ಮಾರ್ಗಿನ ಕೆಳಗಿನ ಟಂಗ್ಮರ್ಗ್‌ದಾಗ ಇಳಿದು, ಫೋನ್ ಸತ್ತು, ಚೈನ್ ಹಾಕಿದ ಗಾಡಿಗೆ ಕಾಯ್ಕೋತ ಎರಡು ತಾಸು ನಿಂತೀನಿ.

ತೂಕ ಹೆಚ್ಚು, ಖರೆ. ಆದ್ರ ಮಧ್ಯಾಹ್ನ ಆ ಉತ್ತಿದ ಹೊಲದಾಗ ನಿಮ್ಮ ಹಗುರ ಸ್ಕೀ ಪಾಪಡಿ ಹಾರಿದಂಗ ಹಾರ್ತಾವು, ನಂದು ಚಕ್ಕಡಿ ಹೋದಂಗ ನೆಟ್ಟಗ ಹೋಗ್ತೈತಿ.

ಜಯನಗರ ನಾಲ್ಕನೇ ಬ್ಲಾಕ್
ಮಳೆಗಾಲದಲ್ಲಿ ಬೆಂಗಳೂರಲ್ಲಿ ಅಂಚಿಗೆ ತುಕ್ಕು ಹಿಡಿಯೋದರ ಬಗ್ಗೆ ಯಾರೂ ಬರೆದಿಲ್ಲ. ಹೋದ ವರ್ಷ ಅತ್ತೆ ಹೇಳಿದರು ಅಂತ ಅಂಚಿಗೆ ಕೊಬ್ಬರಿ ಎಣ್ಣೆ ಸವರಿದೆ. ಕೈ ಹೇಗೂ ಎಣ್ಣೆ ಆಗಿತ್ತು, ಬೈಂಡಿಂಗಿನ ಸ್ಪ್ರಿಂಗಿಗೂ ಲಿವರಿಗೂ ಧಾರಾಳವಾಗಿ ಹಾಕಿದೆ. ತುಕ್ಕು ಒಂದು ಚುಕ್ಕೆ ಬರಲಿಲ್ಲ, ಅತ್ತೆಗೆ ಫೋಟೋ ಕಳಿಸಿದೆ.

ಗುಲ್ಮಾರ್ಗಲ್ಲಿ ಮೈನಸ್ 11. ಹತ್ತೋಕೆ ಅಂತ ಲಿವರ್ ತಿರುಗಿಸಿದರೆ ಅಲ್ಲಾಡಲ್ಲ. ಸ್ಪ್ರಿಂಗಿನ ಸುರುಳಿಯೊಳಗೆಲ್ಲ ಬೆಳ್ಳಗೆ ಬೆಣ್ಣೆ ಥರ ಕೂತಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿ ಆಗುತ್ತೆ, ನಮ್ಮ ಡಿಸೆಂಬರಲ್ಲೇ ಬಾಟಲಿಯಿಂದ ಬೀಳಲ್ಲ, ಅದು ಹೊಳೀಲೇ ಇಲ್ಲ ನನಗೆ. ಫ್ಲಾಸ್ಕಲ್ಲಿದ್ದ ಕಹ್ವಾ (ಕಾಶ್ಮೀರಿ ಟೀ) ಸುರಿದೆ. ಎಣ್ಣೆ ಕರಗಿತು, ಕಹ್ವಾ ಹೆಪ್ಪುಗಟ್ಟಿತು. ಸಕ್ಕರೆ ಹಾಕಿದ ಕಹ್ವಾ.

ವಿಜಯನಗರ ನಟ್ಟು ಬೋಲ್ಟು
ಮೇಡಂ ಅದು ಸ್ಕೀ, ಜಡೆ ಅಲ್ಲ. ತುಕ್ಕಿಗೆ ವ್ಯಾಕ್ಸ್ ದಪ್ಪಗೆ ಅಂಚಿನ ಮೇಲೂ ಬರೋ ಹಾಗೆ ಬಳಿದು, ಹೆರೆಯದೆ ಹಾಗೇ ಬಿಡಬೇಕು.

ಜಯನಗರ ನಾಲ್ಕನೇ ಬ್ಲಾಕ್
ಜಡೆ ಮಾತು ಬೇಡ. ತುಕ್ಕು ಬಂತಾ? ಇಲ್ಲ ತಾನೇ.

ಜೆಪಿ ನಗರ 7ನೇ ಹಂತ
ಎಲ್ಲರಿಗೂ ಧನ್ಯವಾದ. 98 ಬಗ್ಗೆ ಯಾರಾದರೂ?

ಕೆಂಗೇರಿ ಉಪನಗರ
2024ರ ಜನವರಿಯಲ್ಲಿ ಹೋದವನು ನಾನು. ನೆನಪಿದೆಯಲ್ಲ ಆ ಜನವರಿ? ಗುಲ್ಮಾರ್ಗಲ್ಲಿ ಹಿಮ ಇಲ್ಲ, ಕಂದು ಹುಲ್ಲು. ನಾನು ಹೊಸದಾಗಿ ತಗೊಂಡು ಹೋಗಿದ್ದು 116. ಕುದುರೆಯವರು ಬಂದು ಕೇಳಿದರು, ಇದರ ಮೇಲೆ ಏನು ಮಾಡ್ತೀರಿ ಅಂತ. ಹೋಟೆಲಿನವರು ದುಡ್ಡು ವಾಪಸ್ ಕೊಡಲಿಲ್ಲ, 38,500. ಆರು ದಿನ ಕೇರಂ ಆಡಿದೆ. ಎಲ್ಲಾ ಥರದ ಹಿಮ ಅಂತೀರಲ್ಲ, ಹಿಮ ಇಲ್ಲದಿರೋದೂ ಒಂದು ಥರ. ಉತ್ತರಾಖಂಡದ ಔಲಿಗೆ ಹೋಗಬಹುದಿತ್ತು ಅಂತ ಯಾರಾದರೂ ಹೇಳೋ ಮುಂಚೆ: ಜೋಶಿಮಠದಲ್ಲಿ ನೆಲ ಕುಸಿದಮೇಲೆ, 2023ರ ಜನವರಿಯಿಂದ, ಅಲ್ಲಿನ ರೋಪ್‌ವೇ ನಿಂತಿತ್ತು.

ಮೂರು ಮೊಳೆ, ಮಲ್ಲೇಶ್ವರಂ
116 ತಗೊಂಡು ಹೋದರೆ ಹಿಮ ಹೆದರಿ ಓಡಿಹೋಗುತ್ತೆ.

ರಾಜಾಜಿನಗರ ಐದನೇ ಬ್ಲಾಕ್
98 ನನ್ನ ಹತ್ರ ಇದೆ, ಮೂರು ಸೀಸನ್. ಸಾಲೊಮನ್ ಕ್ಯೂಎಸ್‌ಟಿ 98. ಇಷ್ಟು ಜನ ಬರೆದರಲ್ಲ, ಸ್ಕೀಯ ಬಾಲ, ಅಂದರೆ ಹಿಂದಿನ ತುದಿ, ಎಷ್ಟು ಮೆತ್ತಗಿರಬೇಕು ಅಂತ ಒಬ್ಬರಾದರೂ ಹೇಳಿದರಾ? ಟೆಲಿಮಾರ್ಕಲ್ಲಿ ಅರ್ಧ ಭಾರ ಹಿಂದಿನ ಕಾಲಿಗೆ, ಅದೂ ಹಿಮ್ಮಡಿ ಎತ್ತಿದ ಕಾಲಿಗೆ. ಬಾಲ ಹಲಗೆ ಥರ ಇದ್ದರೆ ಆ ಕಾಲಿನ ಸ್ಕೀ ಬಗ್ಗೋದೇ ಇಲ್ಲ, ಸುಮ್ಮನೆ ಹಿಂದೆ ಎಳೆದುಕೊಂಡು ಬರುತ್ತೆ, ಹಠ ಹಿಡಿದ ಮಗು ಥರ. ಹುಬ್ಬಳ್ಳಿಯವರ ತಗಡಿನ ಸ್ಕೀ ನಾನೂ ಎರಡು ದಿನ ಹಾಕಿ ನೋಡಿದ್ದೀನಿ. ಮುಂದಿನದು ತಿರುಗಿದರೆ ಹಿಂದಿನದು ಸಹಿ ಹಾಕಿಸಿಕೊಂಡು ಬರ್ತಿತ್ತು.

ಮೂಗಿನ ಮಟ್ಟ ಬಂದರೆ ಉದ್ದ ಸಾಕು. ಮೊದಲು 184 ತಗೊಂಡಿದ್ದೆ, ಮರಗಳ ಮಧ್ಯೆ ಒದ್ದಾಡಿ ನಷ್ಟಕ್ಕೆ ಮಾರಿದೆ. ಆ ಕಥೆ ಬೇಡ, 17,000 ಹೋಯ್ತು. ಅದಕ್ಕಿಂತ ದೊಡ್ಡ ನಷ್ಟ ಸ್ಕಿನ್‌ದು. ತಾರಸಿ ಕೆಳಗಿನ ಅಟ್ಟದಲ್ಲಿ ಏಪ್ರಿಲ್ ಮೇ ಇಟ್ಟಿದ್ದೆ, ಅಂಟು ಕರಗಿ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಹಲಸಿನ ಮೇಣ ಆಗಿತ್ತು. ನಾನು ಒಂದು ಕಡೆ, ಹೆಂಡತಿ ಒಂದು ಕಡೆ ಹಿಡಿದು ಎಳೆದರೂ ಬರಲಿಲ್ಲ. ಈಗ ಫ್ರಿಜ್ಜಲ್ಲಿ ಇಡ್ತೀನಿ, ಕೊತ್ತಂಬರಿ ಸೊಪ್ಪಿನ ಪಕ್ಕ.

ಹುಬ್ಬಳ್ಳಿಯವ, ಈಗ ಯಲಹಂಕ
ಸಹಿ ಹಾಕಿಸ್ಕೊಂಡು ಬರೋದು ಸ್ಕೀ ಅಲ್ರಿ, ನಿಮ್ಮ ಕಾಲು. ನಿಮ್ಮ ತೂಕ ಎಷ್ಟು?

ರಾಜಾಜಿನಗರ ಐದನೇ ಬ್ಲಾಕ್
58. ಅದಕ್ಕೂ ಇದಕ್ಕೂ ಏನು ಸಂಬಂಧ?

ಹುಬ್ಬಳ್ಳಿಯವ, ಈಗ ಯಲಹಂಕ
ಅದಕ್ಕ ಮತ್ತ! ನಂದು 91. ತಗಡು ಬಗ್ಗಬೇಕಂದ್ರ ರೊಟ್ಟಿ ಉಣ್ಣಬೇಕ್ರಿ.

ಹೆಬ್ಬಾಳ
ಸ್ಕೀ ಯಾವುದಾದರೂ ಆಗಲಿ. ಫೇಸ್ ಟು ಇಂದ ಗಡಿಯ ಹಗ್ಗ ದಾಟಿ ಹೋಗೋದಾದರೆ ಬೀಕನ್, ಸಲಿಕೆ, ಪ್ರೋಬ್ (ಹಿಮ ಚುಚ್ಚಿ ಹುಡುಕೋ ಕೋಲು), ಜೊತೆಗೆ ಊರಿನ ಗೈಡ್. 2023ರ ಫೆಬ್ರವರಿ 1ಕ್ಕೆ ಅಫರ್ವತ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಇಬ್ಬರು ಪೋಲೆಂಡಿನವರು ತೀರಿಕೊಂಡರು. ಅವತ್ತು ನಾನು ಕೆಳಗೆ ಗುಲ್ಮಾರ್ಗಲ್ಲೇ ಇದ್ದೆ. ಅಷ್ಟೇ ಹೇಳಬೇಕಾಗಿದ್ದು.

ಪೀಣ್ಯ ಎರಡನೇ ಹಂತ
ಸರಿಯಾದ ಮಾತು. ಅಂದಹಾಗೆ ನಟ್ಟು ಬೋಲ್ಟು ಅವರೇ, ಲೋಹದ ಪದರ ಇರೋ ಸ್ಕೀಗೆ 4.1 ಮಿಮೀ ಡ್ರಿಲ್ ಬಿಟ್, ಇಲ್ಲದ್ದಕ್ಕೆ 3.6 ಅಂತಾರಲ್ಲ, ನಮ್ಮ ಫಿಟ್ಟರ್ ಎಲ್ಲಕ್ಕೂ 4ರಲ್ಲಿ ಹೊಡೆದಿದ್ದ. ಅದಕ್ಕೇ ಎದ್ದು ಬಂತಾ?

ವಿಜಯನಗರ ನಟ್ಟು ಬೋಲ್ಟು
ಬೆಂಕಿಕಡ್ಡಿ ತುರುಕಿದ ಮೇಲೆ ಬಿಟ್ಟಿನ ಅಳತೆ ಕೇಳ್ತೀರಲ್ಲ ಸ್ವಾಮಿ.

ಕೆಂಗೇರಿ ಉಪನಗರ
ಜೆಪಿ ನಗರದವರೇ, ಆ 116 ನಾನು ಕೊಡ್ತಿದ್ದೀನಿ. ಮೂರೇ ಮೂರು ದಿನ ಹಿಮ ಕಂಡಿದೆ. ಉದ್ದ 186. 75ರ ಬೈಂಡಿಂಗ್ ಕೂರಿಸೇ ಇದೆ, ತೂತೆಲ್ಲ ನೆಟ್ಟಗಿದೆ, ಬೆಂಕಿಕಡ್ಡಿ ಇಲ್ಲ. 40,000. ಭಾನುವಾರ ಬೆಳಿಗ್ಗೆ ಬನ್ನಿ, ಮೆಟ್ರೋ ಸ್ಟೇಷನ್ನಿಗೆ ಬಂದು ಕರ್ಕೊಂಡು ಹೋಗ್ತೀನಿ.

ಜೆಪಿ ನಗರ 7ನೇ ಹಂತ
ಸಾರ್, ನನ್ನ ಬೂಟು ಎನ್‌ಟಿಎನ್ ಅಂತ ಮೊದಲೇ ಬರೆದಿದ್ದೆ. 75ಕ್ಕೆ ಕೂರಲ್ಲ.

ಕೆಂಗೇರಿ ಉಪನಗರ
ಹೌದಾ? ಹಾಗಾದರೆ ಬೂಟೂ ತಗೊಳ್ಳಿ, ಸೇರಿಸಿ 55. ಅಳತೆ 28. ದಪ್ಪ ಕಾಲುಚೀಲ ಎರಡು ಹಾಕಿದರೆ ಆಯ್ತು.